ಮುಗಿಯುವ ಆಟಗಳು

ಧಾರವಾಡದಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹತ್ತಿರ ಪಾಲಕರು ವಿಡಿಯೋ ಗೇಮ್ ಬಗ್ಗೆ ಎರಡು ಪ್ರಶ್ನೆ ತರುತ್ತಾರೆ. "ಸರ್, ನಮ್ಮ ಹುಡುಗ ಮೊಬೈಲ್ ಕೆಳಗಿಡವಲ್ಲ, ಹೆಂಗ ಬಿಡಸೂದ್ರಿ?" ಅನ್ನುವುದು ಹಳೆಯದು. ಈಚೆಗೆ ಕೇಳಿಬರುತ್ತಿರುವ ಇನ್ನೊಂದು ನನಗೆ ಹೆಚ್ಚು ಇಷ್ಟ: "ನಾವೂ ಒಂದು ಆಡಿ ನೋಡಬೇಕಂದ್ರ ಎಲ್ಲಿಂದ ಸುರು ಮಾಡಬೇಕ್ರಿ?" ಈ ಲೇಖನ ಆ ಎರಡನೇ ಪ್ರಶ್ನೆ ಕೇಳಿದವರಿಗೆ. ಕೈಯಲ್ಲಿ ಸಾಧಾರಣ ಸ್ಮಾರ್ಟ್‌ಫೋನ್ ಇಲ್ಲವೇ ಮನೆಯಲ್ಲೊಂದು ಹಳೇ ಲ್ಯಾಪ್‌ಟಾಪ್ ಇದ್ದರೆ ಸಾಕು. ವಯಸ್ಸಿನ ಕಟ್ಟಳೆ ಇಲ್ಲ.

ಮೊದಲೇ ಒಂದು ಮಾತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿಯಂಥ ಆನ್‌ಲೈನ್ ಆಟಗಳು ಇಲ್ಲಿನ ವಿಷಯವಲ್ಲ. ಅವನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಬಿಜಿಎಂಐ, ಫ್ರೀ ಫೈರ್ ಥರದ ಆಟಗಳ ಬಗೆಗೂ ನಾನು ಹೇಳಬೇಕಾದ್ದಿಲ್ಲ, ಅವು ಹುಬ್ಬಳ್ಳಿಯ ಪ್ರತಿ ಓಣಿಯ ಕಟ್ಟೆಯ ಮೇಲೂ ನಡೆದಿರುತ್ತವೆ. ಆದರೆ ಅವುಗಳ ಒಂದು ಗುಣ ತಿಳಿದಿರಲಿ. ಪುಕ್ಕಟೆ ಸಿಗುವ ಆಟ ತನ್ನ ಗಳಿಕೆಗೆ ನಿಮ್ಮನ್ನು ದಿನಾ ವಾಪಸ್ ಕರೆಯಲೇಬೇಕು. ಇವತ್ತು ಬಂದರೆ ಒಂದು ಬಹುಮಾನ, ನಾಳೆ ತಪ್ಪಿಸಿದರೆ ಅದು ಹೋಯಿತು, ಎರಡು ತಿಂಗಳಿಗೊಂದು ಹೊಸ ಸೀಸನ್, ದುಡ್ಡಿಗೊಂದು ಹೊಸ ಅಂಗಿ. ಮುಗಿದರೆ ಗಳಿಕೆಯೂ ನಿಂತಿತು, ಆದ್ದರಿಂದ ಅದು ಮುಗಿಯುವಂತಿಲ್ಲ. ನಾನು ಪರಿಚಯಿಸುವ ಆಟಗಳ ಲೆಕ್ಕವೇ ಬೇರೆ. ಒಮ್ಮೆ ಕೊಂಡರೆ ಆಯಿತು. ಒಬ್ಬರೋ ನಾಲ್ಕೈದು ಜನರೋ ಕೂತು ಮಾಡಿದ ಇವುಗಳಲ್ಲಿ ಹೆಚ್ಚಿನವಕ್ಕೆ ಮೊದಲು, ನಡು, ಕೊನೆ ಇವೆ. ಕೆಲವು ಒಂದು ಸಿನಿಮಾದಷ್ಟು ಹೊತ್ತಿನಲ್ಲಿ ಮುಗಿಯುತ್ತವೆ. ಹೊರದೇಶಗಳಲ್ಲಿ ಪ್ರಶಸ್ತಿ ಪಡೆದರೂ ನಮ್ಮ ಅವಳಿ ನಗರದಲ್ಲಿ ಇವುಗಳ ಹೆಸರು ಕೇಳಿದವರು ಕಡಿಮೆ.

ಮುಗಿಯುವ ಆಟ ನಮಗೇನೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರನ್ನು ಕೇಳಿ ನೋಡಿ, ಡಾಸ್ ಕಲಿತದ್ದು ಮರೆತಿರಬಹುದು, 'ಡೇವ್' ಮತ್ತು 'ಪ್ರಿನ್ಸ್' ಎಂಬ ಆಟಗಳನ್ನು ಮರೆತಿರುವುದಿಲ್ಲ. ಜೋರ್ಡನ್ ಮೆಕ್ನರ್ 1989ರಲ್ಲಿ ಹೊರತಂದ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿ ರಾಜಕುಮಾರಿಯನ್ನು ಬಿಡಿಸಲು ಸರಿಯಾಗಿ ಒಂದು ತಾಸು. ಆ ರಾಜಕುಮಾರ ಅಷ್ಟು ಸಹಜವಾಗಿ ಓಡಿ ಜಿಗಿಯುವುದಕ್ಕೆ ಕಾರಣವಿದೆ. ಮೆಕ್ನರ್ ತನ್ನ ತಮ್ಮ ಓಡುವುದನ್ನು ವಿಡಿಯೋ ಹಿಡಿದು, ಅದರ ಮೇಲೆ ಒಂದೊಂದೇ ಚಿತ್ರ ತಿದ್ದಿ ತೆಗೆದಿದ್ದ. ಒಬ್ಬ ಮನುಷ್ಯನ ಕೈಕೆಲಸ ಪರದೆಯ ಮೇಲೆ ಕಾಣುತ್ತದಲ್ಲ, ನಾನು ಹುಡುಕುವುದು ಅದನ್ನೇ.

ಹೊಸಬರಿಗೆ ಮೊದಲ ತೊಡಕು ಭಾಷೆ. ಈ ಆಟಗಳಲ್ಲಿ ಕನ್ನಡ ಸಿಗುವುದು ಅಪರೂಪ. ಅದಕ್ಕೇ ನಾನು ಮಾತೇ ಇಲ್ಲದ ಆಟಗಳಿಂದ ಪಾಠ ಸುರು ಮಾಡುತ್ತೇನೆ.

'ಮಷಿನೇರಿಯಂ' 2009ರಲ್ಲಿ ಚೆಕ್ ದೇಶದ ಅಮನಿಟಾ ಡಿಸೈನ್ ಅನ್ನುವ ಪುಟ್ಟ ತಂಡ ಮಾಡಿದ್ದು. ತುಕ್ಕು ಹಿಡಿದ ಊರೊಂದರಾಚೆಯ ಗುಜರಿ ರಾಶಿಯಲ್ಲಿ ಸಣ್ಣ ರೋಬೋ ಬಿದ್ದಿದೆ, ಅಂಗಾಂಗ ಬೇರೆ ಬೇರೆಯಾಗಿ. ಅದನ್ನು ನೀವೇ ಜೋಡಿಸಬೇಕು, ಆಮೇಲೆ ಊರೊಳಕ್ಕೆ ಹೊಗಿಸಬೇಕು. ಇಡೀ ಆಟ ಕೈಯಿಂದ ಬರೆದ ಚಿತ್ರ, ಪಾತ್ರಗಳ ನೆನಪು, ಬೇಡಿಕೆಗಳೆಲ್ಲ ತಲೆಯ ಮೇಲಿನ ಗುಳ್ಳೆಯೊಳಗೆ ಕುಣಿಯುವ ರೇಖಾಚಿತ್ರಗಳಾಗಿ ಮೂಡುತ್ತವೆ. ರೋಬೋ ತನ್ನ ಮೈಯನ್ನು ಉದ್ದ, ಗಿಡ್ಡ ಮಾಡಬಲ್ಲದು, ಕೈಗೆಟುಕಿದ್ದನ್ನಷ್ಟೇ ಮುಟ್ಟಬಲ್ಲದು. ಈ ಒಂದು ನಿಯಮ ಹೊಳೆದರೆ ಅರ್ಧ ಆಟ ತಿಳಿದಂತೆ. ದಾರಿ ಕಾಣದಿದ್ದರೆ ಸುಳಿವಿನ ಪುಸ್ತಕ ಒಂದಿದೆ, ಆದರೆ ಅದನ್ನು ತೆರೆಯಲು ಒಂದು ಸಣ್ಣ ಬೇಸರದ ಆಟ ಆಡಬೇಕು. ಸುಳಿವು ಸುಮ್ಮನೆ ಸಿಗುವುದಿಲ್ಲ, ಕೇಳಿದವರಿಗೆ ಇಲ್ಲವೆನ್ನುವುದೂ ಇಲ್ಲ. ಕಲಿಸುವ ಕೆಲಸದಲ್ಲಿರುವ ನನಗೆ ಆ ಏರ್ಪಾಡಿನ ಮೇಲೆ ಬಹಳ ಗೌರವ.

ಇದಕ್ಕಿಂತ ವಿಚಿತ್ರವಾದದ್ದು 'ಗೊರೊಗೊವಾ'. ಜೇಸನ್ ರಾಬರ್ಟ್ಸ್ ಎಂಬೊಬ್ಬರೇ ವರ್ಷಗಟ್ಟಲೆ ಚಿತ್ರ ಬರೆದು 2017ರಲ್ಲಿ ಮುಗಿಸಿದ್ದು. ಪರದೆಯ ಮೇಲೆ ನಾಲ್ಕು ಚೌಕ. ಒಂದು ಚೌಕದಲ್ಲಿ ಕಿಟಕಿ ಇದೆ ಅನ್ನಿ. ಬೆರಳಿನಿಂದ ಎಳೆದರೆ ಕಿಟಕಿಯ ಚೌಕಟ್ಟು ಮಾತ್ರ ಕಳಚಿಕೊಂಡು ಬರುತ್ತದೆ, ಹಿಂದೆ ಬೇರೊಂದು ಲೋಕ ಉಳಿಯುತ್ತದೆ. ಆ ಚೌಕಟ್ಟನ್ನು ಇನ್ನೊಂದು ಚಿತ್ರದ ಮೇಲಿಟ್ಟರೆ ಹುಡುಗನೊಬ್ಬ ಅದರೊಳಗಿಂದ ನಡೆದು ಹೋಗುತ್ತಾನೆ. ಓದಿ ತಿಳಿಯುವುದು ಕಷ್ಟ, ಆಡಿದರೆ ಒಂದು ನಿಮಿಷದ ಕೆಲಸ. ಚಿತ್ರಕಲೆ ಕಲಿಯುವ ಹುಡುಗರಿಗೆ ನಾನು ಕಡ್ಡಾಯವಾಗಿ ತೋರಿಸುವ ಆಟ ಇದು. ಸುಮಾರು ಎರಡು ತಾಸಿಗೆ ಮುಗಿಯುತ್ತದೆ. ಈ ಎರಡೂ ಆಟ ಆಂಡ್ರಾಯ್ಡ್ ಫೋನಿನಲ್ಲೂ ಸಿಗುತ್ತವೆ.

ಇನ್ನು ನಮ್ಮೂರಿನವರಿಗೆಂದೇ ಮಾಡಿದಂತಿರುವ ಆಟ 'ಮಿನಿ ಮೆಟ್ರೋ'. ನ್ಯೂಜಿಲೆಂಡಿನ ಡೈನೋಸಾರ್ ಪೋಲೋ ಕ್ಲಬ್ ತಂಡದ್ದು, 2015ರದು. ಬಿಳಿ ಪರದೆಯ ಮೇಲೆ ದುಂಡು, ತ್ರಿಕೋನ, ಚೌಕದ ಆಕಾರದ ನಿಲ್ದಾಣಗಳು ಒಂದೊಂದಾಗಿ ಹುಟ್ಟುತ್ತವೆ. ತ್ರಿಕೋನದ ಪ್ರಯಾಣಿಕ ತ್ರಿಕೋನದ ನಿಲ್ದಾಣಕ್ಕೇ ಹೋಗಬೇಕು. ನೀವು ಗೆರೆ ಎಳೆದು ಮಾರ್ಗ ಮಾಡುತ್ತೀರಿ. ಗೆರೆಗಳು ಸೀಮಿತ, ಗಾಡಿಗಳು ಸೀಮಿತ, ಜನ ಮಾತ್ರ ಹೆಚ್ಚುತ್ತಲೇ ಹೋಗುತ್ತಾರೆ, ಒಂದು ನಿಲ್ದಾಣ ಕಿಕ್ಕಿರಿದರೆ ಆಟ ಮುಗಿಯಿತು. ಹುಬ್ಬಳ್ಳಿ-ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಚಿಗರಿ ಬಸ್ ಹತ್ತುವವರಿಗೆ ಇದರ ಒಳಮರ್ಮ ಬೇಗ ಹೊಳೆಯುತ್ತದೆ. ಎಲ್ಲ ಬಸ್ಸೂ ಎಲ್ಲ ಕಡೆ ನಿಂತರೆ ಜುಬ್ಲಿ ಸರ್ಕಲ್ ಮುಟ್ಟುವುದು ಯಾವಾಗ? ಅದಕ್ಕೇ ಎಕ್ಸ್‌ಪ್ರೆಸ್ ಬಸ್ಸು ಬೇರೆ, ನಿಂತ ಬಸ್ಸನ್ನು ದಾಟಿ ಮುಂದೆ ಹೋಗಲು ನಿಲ್ದಾಣದ ಬಳಿ ಹೆಚ್ಚಿನ ದಾರಿ. ಉಣಕಲ್ಲಿನಲ್ಲಿ ಸೀಟು ಸಿಗದೆ ನಿಂತಾಗ ಬೈದುಕೊಂಡ ವ್ಯವಸ್ಥೆಯನ್ನು ಈ ಆಟದಲ್ಲಿ ನೀವೇ ನಡೆಸಿ ನೋಡಬಹುದು. ಮುಂಬೈಯ ನಕಾಶೆಯೂ ಇದರಲ್ಲಿದೆ. ಹೊಸಬರು ಅದನ್ನು ಮೊದಲೇ ತೆರೆಯುವುದು ಬೇಡ.

ಇಂಗ್ಲಿಷ್ ಓದುವ ರೂಢಿ ಇದ್ದರೆ ಮುಂದಿನ ಮೆಟ್ಟಿಲು ಲ್ಯೂಕಸ್ ಪೋಪ್ ಅವರ 'ಪೇಪರ್ಸ್, ಪ್ಲೀಸ್'. ಇದೂ ಹೆಚ್ಚುಕಡಿಮೆ ಒಬ್ಬರದೇ ಕೆಲಸ, 2013ರದು. ಕಾಲ 1982. ಆರ್ಸ್ಟೋಟ್ಜ್ಕಾ ಅನ್ನುವ ಕಾಲ್ಪನಿಕ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ ನೀವು. ಜನ ಸಾಲಾಗಿ ಬರುತ್ತಾರೆ. ಹೆಸರು ಸರಿ ಇದೆಯೇ, ಅವಧಿ ಮುಗಿದಿದೆಯೇ, ಫೋಟೋ ಹೊಂದುತ್ತದೆಯೇ, ಎಲ್ಲ ನೋಡಿ ಹಸಿರು ಇಲ್ಲವೇ ಕೆಂಪು ಶಿಕ್ಕಾ ಒತ್ತಬೇಕು. ಎಷ್ಟು ಜನರನ್ನು ಸರಿಯಾಗಿ ದಾಟಿಸಿದಿರೋ ಅಷ್ಟು ಪಗಾರ. ತಪ್ಪಿದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ. ಸಂಜೆ ಆ ಪಗಾರದಲ್ಲಿ ಬಾಡಿಗೆ ಕಳೆದ ಮೇಲೆ ಊಟ, ಚಳಿಗೆ ಬೆಂಕಿ, ಜಡ್ಡಾದವರಿಗೆ ಔಷಧ, ಇವುಗಳಲ್ಲಿ ಯಾವುದು ಬಿಡಬೇಕು ಅನ್ನುವ ಲೆಕ್ಕ.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಕಾಗದಪತ್ರ ಎಲ್ಲ ಸರಿ. ಹೋಗುವಾಗ, ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಅನ್ನುತ್ತಾನೆ. ಹೆಂಡತಿಯ ಹತ್ತಿರ ಒಂದು ಕಾಗದ ಇಲ್ಲ. ಬಿಟ್ಟರೆ ನಿಮ್ಮ ಖಾತೆಗೆ ಒಂದು ತಪ್ಪು, ನಿಮ್ಮ ಮನೆಯಲ್ಲಿ ಮಗು ಕೆಮ್ಮುತ್ತಿದೆ. ಬಿಡದಿದ್ದರೆ ಅವಳು ತಿರುಗಿ ಹೋಗುತ್ತಾಳೆ. ಕಥೆಯಲ್ಲೋ ಸಿನಿಮಾದಲ್ಲೋ ಆದರೆ ಗುಮಾಸ್ತ ಏನು ಮಾಡಿದ ಎಂದು ನಾವು ನೋಡುತ್ತಿದ್ದೆವು. ಇಲ್ಲಿ ಶಿಕ್ಕಾ ನಿಮ್ಮ ಬೆರಳಿನಲ್ಲಿದೆ, ಸಾಲು ಕಾಯುತ್ತಿದೆ. ಆಟ ಎಂಬ ಮಾಧ್ಯಮಕ್ಕೆ ಮಾತ್ರ ಸಾಧ್ಯವಾಗುವುದೇನು ಎಂದು ಯಾರಾದರೂ ಕೇಳಿದರೆ ನಾನು ಈ ಸನ್ನಿವೇಶ ಆಡಿಸಿ ಸುಮ್ಮನಾಗುತ್ತೇನೆ. ತಹಶೀಲ್ದಾರ್ ಕಚೇರಿಯ ಕಿಟಕಿಯ ಹೊರಗೆ ನಿಂತು ದಣಿದವರು ಒಳಗೆ ಕೂತು ನೋಡಬೇಕಾದ ಆಟ ಇದು. ಚಿಕ್ಕ ಮಕ್ಕಳಿಗೆ ತಕ್ಕುದಲ್ಲ, ಹಿಂಸೆ ಇದೆ, ದೇಹ ತಪಾಸಣೆಯ ದೃಶ್ಯಗಳಿವೆ.

ಈ ಲೇಖನದಲ್ಲಿ ಒಂದೇ ಆಟ ಹೇಳು ಅಂದರೆ ನಾನು ಹೇಳುವುದು 'ವೆಣ್ಬಾ'. ಕೆನಡಾದ ಟೊರೊಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದದ್ದು. 1988ರಲ್ಲಿ ಕಥೆ ತೆರೆಯುತ್ತದೆ. ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಗಂಡ-ಹೆಂಡತಿ, ಪಾವಲನ್ ಮತ್ತು ವೆಣ್ಬಾ. ಆಮೇಲೆ ಹುಟ್ಟುವ ಮಗ ಕವಿನ್. ವೆಣ್ಬಾಳ ಹತ್ತಿರ ತಾಯಿ ಕೊಟ್ಟ ಅಡಿಗೆ ಪುಸ್ತಕ ಇದೆ, ಆದರೆ ಕೆಲವು ಹಾಳೆ ಹರಿದಿವೆ, ಕೆಲವು ಸಾಲು ಅಳಿಸಿವೆ. ಉಳಿದ ಸುಳಿವು ಹಿಡಿದು ಅಡಿಗೆ ಮಾಡಬೇಕಾದವರು ನೀವು. ಮೊದಲನೆಯದು ಇಡ್ಲಿ. ತಟ್ಟೆಗಳನ್ನು ಸರಿಯಾಗಿ ಪೇರಿಸುವುದೂ ಆ ಒಗಟಿನ ಭಾಗ. ಇಂಜಿನಿಯರಿಂಗ್ ಹುಡುಗರು ಇಲ್ಲಿ ತಡವರಿಸುತ್ತಾರೆ, ಮೌಸ್ ಹಿಡಿದು ಗೊತ್ತಿಲ್ಲದ ಅವರ ತಾಯಂದಿರು "ಹಂಗಲ್ಲೋ, ಕೊಡಿಲ್ಲೆ" ಅಂದು ಬಿಡಿಸಿಬಿಡುತ್ತಾರೆ. ಆಮೇಲೆ ಪುಟ್ಟು ಬರುತ್ತದೆ, ಬಿರಿಯಾನಿ ಬರುತ್ತದೆ. ಅಡಿಗೆಮನೆಯ ರೇಡಿಯೋದಲ್ಲಿ ಬೇರೆ ಬೇರೆ ಕಾಲದ ತಮಿಳು ಸಿನಿಮಾ ಸಂಗೀತದ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಹಾಡುಗಳು.

ಅಡಿಗೆಯ ನಡುವೆ ನಡೆಯುವುದು ನಮ್ಮದೇ ಕಥೆ. ಮಗ ಬೆಳೆದಂತೆ ಮನೆಮಾತಿನಿಂದ ದೂರ ಸರಿಯುತ್ತಾನೆ, ಶಾಲೆಗೆ ಮನೆಯ ಬುತ್ತಿ ಬೇಡ ಅನ್ನುತ್ತಾನೆ. ಕಥೆ ಅವನ ಕಡೆಯಿಂದ ಸಾಗುವಾಗ, ತಾಯಿ ಆಡಿದ ತಮಿಳಿನಲ್ಲಿ ಅವನಿಗೆ ತಿಳಿಯದ ಪದಗಳು ಪರದೆಯ ಮೇಲೆ ಮಸುಕಾಗಿಬಿಡುತ್ತವೆ. ಧಾರವಾಡದ ಸಪ್ತಾಪುರ, ಕಲ್ಯಾಣನಗರಗಳಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿ ಇಬ್ಬರೇ ಇದ್ದಾರೆ. ಮೊಮ್ಮಕ್ಕಳು ಅಮೆರಿಕದಲ್ಲಿ, ವಾರಕ್ಕೊಮ್ಮೆ ವಿಡಿಯೋ ಕಾಲ್. "ಊಟ ಆತೇನೋ" ಅಂದರೆ ಆ ಕಡೆಯಿಂದ ಒಂದು ನಗೆ, ಆಮೇಲೆ ಇಂಗ್ಲಿಷ್. ಆ ಮನೆಯವರು ಈ ಆಟವನ್ನು ಒಮ್ಮೆ ಮೊಮ್ಮಕ್ಕಳ ಜೊತೆ ಕೂತು ಆಡಬೇಕೆಂದು ನನಗೆ ಮನಸಾರೆ ಅನ್ನಿಸುತ್ತದೆ. ಒಂದೂವರೆ ತಾಸು, ಹೆಚ್ಚೆಂದರೆ ಎರಡು. 2024ರಲ್ಲಿ ಇದಕ್ಕೆ ಮೊದಲ ಕೃತಿಗಾಗಿ ಕೊಡುವ ಬಾಫ್ಟಾ ಬಂತು, ಸ್ವತಂತ್ರ ಆಟಗಳ ಉತ್ಸವವಾದ ಐಜಿಎಫ್‌ನ ದೊಡ್ಡ ಪ್ರಶಸ್ತಿಯೂ ಬಂತು. ಇದನ್ನು ಲ್ಯಾಪ್‌ಟಾಪ್‌ನಲ್ಲಿ ಆಡಿ.

ಹತ್ತಿರದ್ದೊಂದು ಬೇಕೆಂದರೆ, ನಮ್ಮೂರನ್ನು ಹಾದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಆ ತುದಿಯಲ್ಲಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್'. ಕಳೆದುಹೋದ ತಮ್ಮ ಗೋಲುವನ್ನು ಹುಡುಕಿ ಹೊರಟ ಹುಡುಗಿಯ ಕಥೆ. ದುರ್ಗೆ ಮತ್ತು ವಿಷ್ಣು ಅದನ್ನು ಹೇಳುತ್ತಾರೆ. ಕಥೆ ಹೇಳುವ ಭಾಗಗಳು ತೊಗಲುಗೊಂಬೆಯಾಟದ ಶೈಲಿಯಲ್ಲಿವೆ. ತೊಗಲುಗೊಂಬೆಯ ನಾಡಿನವರಾದ ನಮಗೆ ಅದೊಂದಕ್ಕಾಗಿಯೇ ನೋಡಬೇಕಾದದ್ದು. ದುಡ್ಡು ಸಾಲದೆ ತಂಡದ ಶ್ರುತಿ ಘೋಷ್ ತಮ್ಮ ಫ್ಲಾಟನ್ನೇ ಮಾರಿದರು. ಕಾದಾಟ ಸ್ವಲ್ಪ ಹೊತ್ತಿನ ಮೇಲೆ ಒಂದೇ ಥರ ಅನ್ನಿಸುತ್ತದೆ, ಅದನ್ನು ಮುಚ್ಚಿಡಲಾರೆ.

ಕೊಳ್ಳುವ ಬಗೆ ಸರಳ. ಲ್ಯಾಪ್‌ಟಾಪ್ ಆದರೆ ಸ್ಟೀಮ್ ಎಂಬ ಅಂಗಡಿ. ಬೆಲೆ ರೂಪಾಯಿಯಲ್ಲಿ, ಯುಪಿಐ ನಡೆಯುತ್ತದೆ. ಜೂನ್ ಕೊನೆಗೂ ಡಿಸೆಂಬರ್ ಕೊನೆಗೂ ದೊಡ್ಡ ರಿಯಾಯ್ತಿ ಇರುತ್ತದೆ. ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಹಿಡಿಸಲಿಲ್ಲವೆಂದು ವಾಪಸ್ ಮಾಡಬಹುದು. ಹಳೇ ಲ್ಯಾಪ್‌ಟಾಪಿನವರಿಗೆ ಇದು ದೊಡ್ಡ ಆಸರೆ, ಆಟ ನಡೆಯುತ್ತದೋ ಇಲ್ಲವೋ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಇಷ್ಟು ಆಡಿದವರು ಕೊನೆಗೆ ಕೇಳುವುದು ಒಂದೇ, "ಕನ್ನಡದಾಗ ಯಾಕಿಲ್ರಿ?" ಮಾರುಕಟ್ಟೆಯ ಕಾರಣ ಇದ್ದೇ ಇದೆ. ಅದರ ಜೊತೆಗೆ ಲಿಪಿಯದೂ ಒಂದಿದೆ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಮುಂದೊಂದು ಇಟ್ಟರೆ ಪದವಾಯಿತು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಅಕ್ಷರಕ್ಕೆ ಅಂಟಬೇಕು. ಆಟ ಕಟ್ಟುವ ಎಷ್ಟೋ ತಂತ್ರಾಂಶಗಳಿಗೆ ಆ ಜೋಡಣೆ ಬರುತ್ತಿರಲಿಲ್ಲ, ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ ಗೊಡೋ ತನ್ನ ನಾಲ್ಕನೇ ಆವೃತ್ತಿಯಲ್ಲಿ, 2023ರ ಮಾರ್ಚ್‌ನಲ್ಲಿ, ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಏರ್ಪಾಡು ತಂದಿತು. ಪ್ರೋಗ್ರಾಮಿಂಗ್ ಬಾರದವರಿಗೆ ಟ್ವೈನ್ ಇದೆ. ಕ್ರಿಸ್ ಕ್ಲೀಮಸ್ 2009ರಲ್ಲಿ ಮಾಡಿದ್ದು, ಇದೂ ಪುಕ್ಕಟೆ. ಓದುಗ ಆರಿಸಿದಂತೆ ತಿರುಗುವ ಕಥೆ ಬರೆಯುವ ಸಲಕರಣೆ. ಅಕ್ಷರ ಮೂಡಿಸುವ ಕೆಲಸ ಬ್ರೌಸರಿನದೇ ಆದ್ದರಿಂದ ಕನ್ನಡ ಅಲ್ಲಿ ತೊಡಕಿಲ್ಲದೆ ಬರುತ್ತದೆ. ಕೊನೆ ಬಸ್ ತಪ್ಪಿದ ಹುಡುಗಿಯೊಬ್ಬಳು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವ ಕಥೆಯಿಂದ ಸುರು ಮಾಡಿ. ನಾಲ್ಕು ಕವಲು, ಎರಡು ಕೊನೆ ಇದ್ದರೆ ಸಾಕು. ಬರೆದು ಮುಗಿಸಿದ ಮೇಲೆ ಅದು ಒಂದೇ ಎಚ್‌ಟಿಎಂಎಲ್ ಫೈಲ್ ಆಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಗೆಳತಿ ಅದನ್ನು ತನ್ನ ಫೋನಿನ ಬ್ರೌಸರಿನಲ್ಲಿ ತೆರೆದು ಆಡಬಹುದು.