ಹಳೇ ಮನೆಗೆ ಮೂರು ಲೆಕ್ಕ

ಚನ್ನಗಿರಿ ಪೇಟೆಯೊಳಗೆ ಹಳೇ ಹೆಂಚಿನ ಮನೆ ಕೊಂಡು, ದುರಸ್ತಿ ಮಾಡಿಸಿ, ಈಗ ಅದರಲ್ಲೇ ವಾಸವಿದ್ದೇವೆ. ಸೈಟು ತೆಗೆದುಕೊಂಡು ಹೊಸದು ಕಟ್ಟಿಸುವುದಕ್ಕಿಂತ ಇದು ಅಗ್ಗವೇ ಎಂದು ಹೊನ್ನಾಳಿ, ನ್ಯಾಮತಿ, ಜಗಳೂರಿನ ಸ್ನೇಹಿತರು ಕೇಳುತ್ತಾರೆ. ಅಗ್ಗವಾಗಬಹುದು. ಆದರೆ ಕಾಗದ, ಕಟ್ಟಡ, ಕೈಯಲ್ಲಿರಬೇಕಾದ ಹಣ, ಮೂರಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಜಪಾನಿನ ನಗರಗಳಲ್ಲಿ ಹಳೇ ಫ್ಲಾಟ್ ಕೊಳ್ಳುವವರು ಎರಡು ವಿಷಯ ವಿಚಾರಿಸುತ್ತಾರೆ. ಕಟ್ಟಡಕ್ಕೆ ಅನುಮತಿ ಸಿಕ್ಕಿದ್ದು 1981ರ ಜೂನ್‌ಗೆ ಮೊದಲೋ ಆಮೇಲೋ? ಭೂಕಂಪದ ನಿಯಮ ಬಿಗಿಯಾದದ್ದು ಆಗ. ಫ್ಲಾಟಿನವರೆಲ್ಲ ಸೇರಿ ಕೂಡಿಟ್ಟ ದುರಸ್ತಿ ನಿಧಿಯಲ್ಲಿ ಎಷ್ಟು ಹಣವಿದೆ? ಮನೆ ಯಾವ ಕಾಲದ್ದು, ದುರಸ್ತಿಗೆ ದುಡ್ಡೆಲ್ಲಿಂದ ಎಂಬ ಪ್ರಶ್ನೆಗಳು ನಮಗೂ ಬೇಕು.

ಕಾಗದದ ಮಟ್ಟಿಗೆ ನಮ್ಮ ಕಡೆ ನೆನಪಿಡಬೇಕಾದ ಇಸವಿ 1997. ಆ ವರ್ಷ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಅದಕ್ಕೆ ಹಿಂದಿನ ಪತ್ರಗಳಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿವೆ, ಜಗಳೂರು ಚಿತ್ರದುರ್ಗದಲ್ಲಿದೆ. ನ್ಯಾಮತಿಯಂತೂ ತೀರಾ ಇತ್ತೀಚಿನವರೆಗೆ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ನಮ್ಮ ಮನೆಯ ಮೂಲ ಕ್ರಯಪತ್ರದ ಚೆಕ್ಕುಬಂದಿಯಲ್ಲಿದ್ದವರು ಯಾರೂ ಈಗ ಆ ಓಣಿಯಲ್ಲಿಲ್ಲ. ಪಕ್ಕದ ಮನೆಯ ಹಿರಿಯರನ್ನು ಕೇಳಿ, ಯಾರ ಮನೆ ಯಾರ ಕೈಗೆ ಹೋಯಿತೆಂದು ಬರೆದುಕೊಂಡೆ. ಟೇಪು ಹಿಡಿದು ಅಳೆದಾಗ ಹಿತ್ತಲಲ್ಲಿ ಮೂರಡಿ ಕಡಿಮೆ ಬಂತು. ಅಷ್ಟರ ಬೆಲೆ ಕಳೆದೇ ಮಾತು ಮುಗಿಸಿದೆವು. ಇ-ಖಾತೆಯಲ್ಲೂ ಕ್ರಯಪತ್ರದಲ್ಲೂ ಸ್ಥಳದಲ್ಲಿರುವ ಅಳತೆಯನ್ನೇ ಬರೆಸಿದೆವು.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಮೂವತ್ತು ವರ್ಷದ್ದು ತೆಗೆಸಿ.

ಪಿತ್ರಾರ್ಜಿತ ಮನೆಯಾದರೆ ಅಣ್ಣತಮ್ಮಂದಿರ ಸಹಿಯಷ್ಟೇ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ನಮಗೆ ಮಾರಿದವರ ಅಕ್ಕನನ್ನು ಶಿಕಾರಿಪುರದ ಕಡೆ ಕೊಟ್ಟಿದ್ದರು. "ನನಗೇನೂ ಬೇಡ ಕಣಪ್ಪ, ತಮ್ಮಂದಿರು ಚೆನ್ನಾಗಿದ್ರೆ ಸಾಕು" ಅಂದರು. "ಅಕ್ಕಾ, ಪಾಲು ಬಿಡೋದು ನಿಮ್ಮಿಷ್ಟ. ಸಹಿಗೆ ಮಾತ್ರ ನೀವೇ ಬರಬೇಕು" ಅಂದೆ. ಬಂದರು. ಲೆಕ್ಕ ಕೇಳಿದ ಮೇಲೆ ತಮ್ಮಂದಿರೇ ಒಪ್ಪಿದರು, ಅಕ್ಕನ ಪಾಲು ನೇರ ಅಕ್ಕನ ಖಾತೆಗೇ ಹೋಯಿತು. ಮನೆ ಕೊಳ್ಳುವವರು ಪಟ್ಟು ಹಿಡಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಅವರ ಹಕ್ಕು ತಾನಾಗಿ ದಕ್ಕುತ್ತದೆ.

ಕಟ್ಟಡಕ್ಕೆ ಒಳ್ಳೆಯ ಬಡಗಿಯನ್ನು ಕರೆದೊಯ್ಯಿರಿ. ನಮ್ಮ ಬಡಗಿ ತೊಲೆಯ ನಡುವನ್ನು ನೋಡಲೇ ಇಲ್ಲ. ಅದರ ತುದಿ ಗೋಡೆಯೊಳಗೆ ಸೇರುವ ಜಾಗಕ್ಕೆ ಉಳಿ ಚುಚ್ಚಿದರು. ಮಳೆನೀರು ಇಳಿಯುವುದು, ಗೆದ್ದಲು ಹತ್ತುವುದು ಅಲ್ಲೇ. ಎರಡು ಕಡೆ ಉಳಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಆ ತೊಲೆಗಳ ಖರ್ಚನ್ನು ವ್ಯಾಪಾರ ಕುದುರುವ ಮೊದಲೇ ಲೆಕ್ಕಕ್ಕೆ ಸೇರಿಸಿದೆವು. ಹೊನ್ನಾಳಿಯಲ್ಲಿ ನದಿದಂಡೆಯ ಮನೆಯಾದರೆ ಗೋಡೆ ಮೇಲೆ ತುಂಗಭದ್ರೆ ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನೇ ಕೇಳಿ. ಜಗಳೂರಿನಲ್ಲಿ ಬೇಸಿಗೆಯಲ್ಲಿ ನೋಡಿ, ಕೊಳವೆಬಾವಿಯಲ್ಲಿ ನೀರಿದೆಯೇ ಎಂದು.

ಇನ್ನು ಹಣ. 30 ಲಕ್ಷದ ಮನೆ ಎಂದುಕೊಳ್ಳಿ. ಪಟ್ಟಣದಲ್ಲಿ ಮುದ್ರಾಂಕ ಶುಲ್ಕ ಸೆಸ್ಸು, ಸರ್ಚಾರ್ಜು ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 2,28,000 ರೂಪಾಯಿ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸಾಲವೂ ನೀವು ಒಪ್ಪಿದ ಬೆಲೆಯ ಮೇಲಲ್ಲ, ಬ್ಯಾಂಕಿನವರು ಕಟ್ಟುವ ಬೆಲೆಯ ಮೇಲೆ. ಹಳೇ ಗೋಡೆಗೆ ಅವರು ಹೆಚ್ಚು ಕಟ್ಟುವುದಿಲ್ಲ. ಮುಂಗಡವಾದರೂ ಸರಿ, 20,000 ರೂಪಾಯಿ ಮುಟ್ಟಿದರೆ ನಗದು ಬೇಡ, ಕಾನೂನೂ ಒಪ್ಪುವುದಿಲ್ಲ.

ಚನ್ನಗಿರಿ ಸೀಮೆಯಲ್ಲಿ "ಅಡಿಕೆ ಮಾರಿದ ಮೇಲೆ ಉಳಿದದ್ದು ಕೊಡ್ತೀನಿ" ಎಂದು ಕರಾರು ಬರೆಸುವುದು ರೂಢಿ. ಅಡಿಕೆ ದರ ನಮ್ಮ ಗಡುವಿಗೆ ಕಾಯುವುದಿಲ್ಲ. ಶುಲ್ಕ ಮತ್ತು ದುರಸ್ತಿಯ ಹಣ ಬ್ಯಾಂಕಿನಲ್ಲಿ ಕೂತ ಮೇಲೆಯೇ ಮುಂಗಡ ಕೊಡಿ. ಅಷ್ಟು ಕೂಡದಿದ್ದರೆ ಇನ್ನೊಂದು ಕೊಯ್ಲಿನವರೆಗೆ ಬಾಡಿಗೆ ಮನೆಯಲ್ಲೇ ಇರಿ.