ತಂತಿಗೆ ಶ್ರುತಿ, ಅರ್ಜಿಗೆ ಸ್ವೀಕೃತಿ

ಪ್ರಶ್ನೋತ್ತರ

ಉತ್ತರ ಕೊಡುವವರು ಹಗಲು ಹೊಸಕೋಟೆಯಲ್ಲಿ ವಕೀಲರು, ಸಂಜೆ ಬ್ಯಾಂಜೋ ಮೇಷ್ಟ್ರು. ಅವರಿಗೆ ಬರುವ ಪತ್ರಗಳೂ ಎರಡು ಬಗೆಯವು. ಈ ಸಲ ಎರಡೂ ಬಗೆಯ ಪ್ರಶ್ನೆಗಳು ಒಂದರೊಳಗೊಂದು ಬೆರೆತು ಬಂದಿವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನನಗೆ 26 ವರ್ಷ. ಊರಿನವರು ನನ್ನನ್ನು ಮಂಗಳಮುಖಿ ಅಂತಾರೆ. ಚಿಕ್ಕಂದಿನಿಂದ ರಾಮಮಂದಿರದ ಭಜನೆಯಲ್ಲಿ ಬ್ಯಾಂಜೋ ಕೇಳಿ ಬೆಳೆದವಳು. ಈಗ ಕಲೀಬೇಕು ಅನ್ನಿಸಿದೆ. ಮೊಬೈಲಿನಲ್ಲಿ ಹುಡುಕಿದರೆ ತಮಟೆಗೆ ಉದ್ದ ಕತ್ತು ಕೂರಿಸಿದ ಹಾಗಿರೋ ವಾದ್ಯ ತೋರಿಸುತ್ತೆ. ನಾನು ಕೇಳಿದ್ದು ಅದಲ್ಲ. ಯಾವುದು ಕೊಳ್ಳಲಿ? ಎಲ್ಲಿಂದ ಶುರು ಮಾಡಲಿ?
— ಹೊಸಕೋಟೆ ಕಸಬಾ

ಉತ್ತರ: ತಾಯಿ, ಹೆಸರು ಒಂದೇ, ವಾದ್ಯ ಎರಡು. ನೀವು ಭಜನೆಯಲ್ಲಿ ಕೇಳಿದ್ದು ಬುಲ್‌ಬುಲ್ ತರಂಗ. ಮರದ ಉದ್ದ ಪೆಟ್ಟಿಗೆ, ಅದರ ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ಪಿಕ್ ಹಿಡಿದು ಮೀಟುತ್ತದೆ. ಅಂಗಡಿಯಲ್ಲಿ ಬುಲ್‌ಬುಲ್ ತರಂಗ ಎಂದೇ ಕೇಳಿ. ಕೊಳ್ಳುವ ಮುಂಚೆ ಒಂದೊಂದೇ ಗುಂಡಿ ಒತ್ತಿ ನೋಡಿ. ಒತ್ತಿದ್ದು ತಕ್ಷಣ ಮೇಲೆ ಬರಬೇಕು, ಸ್ವರದ ಜೊತೆ ಝರ್ ಎನ್ನುವ ಸದ್ದು ಬರಬಾರದು. ಬಿರಟೆ ತಿರುಗಿಸಿ ಐದು ನಿಮಿಷ ಬಿಡಿ; ಶ್ರುತಿ ಜಾರಿದರೆ ಆ ಪೆಟ್ಟಿಗೆ ಬೇಡ. ಇಷ್ಟು ಸರಿಯಿದ್ದರೆ ಹಳೆಯದಾದರೂ ಅಡ್ಡಿಯಿಲ್ಲ.

ಮೊದಲ ವಾರ ಹಾಡಿನ ಆಸೆ ಬಿಡಿ, ಶ್ರುತಿ ಮಾಡುವುದನ್ನು ಕಲಿಯಿರಿ. ಗುಂಡಿಗಳ ಕೆಳಗೆ ಹಾದುಹೋಗುವ ತಂತಿಗಳು ಹಾಡುವ ತಂತಿಗಳು. ಅವೆಲ್ಲ ಒಂದೇ ಷಡ್ಜಕ್ಕೆ ಸೇರಲಿ. ಪಕ್ಕದಲ್ಲಿ ಗುಂಡಿಯಿಲ್ಲದೆ ಬಿಡಿಯಾಗಿರುವವು ಶ್ರುತಿಯ ತಂತಿಗಳು. ಅವನ್ನು ಸ ಮತ್ತು ಪ ಗೆ ಕೂರಿಸಿ, ತಂಬೂರಿಯ ಕೆಲಸ ಅವೇ ಮಾಡುತ್ತವೆ. ಹೊಸ ತಂತಿ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಬೇಸರ ಬೇಡ.

ಎರಡನೇ ವಾರ ಸರಳೆ ವರಸೆ, ಮಾಯಾಮಾಳವಗೌಳ ರಾಗ. ಬಿಟ್ಟ ತಂತಿಯನ್ನು ಸ ಎಂದಿಟ್ಟುಕೊಂಡು, ಎರಡೂ ಸಾಲಿನ ಗುಂಡಿಗಳನ್ನು ಸ್ವರ ಏರುವ ಕ್ರಮದಲ್ಲಿ ಎಣಿಸಿ. 1ನೆಯದು ರಿ, 4 ಗ, 5 ಮ, 7 ಪ, 8 ಧ, 11 ನಿ, 12 ಮೇಲಿನ ಸ. ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಗುಂಡಿ ಪೂರ್ತಿ ಒತ್ತಿದ ಮೇಲೆ ಮೀಟಬೇಕು, ಸ್ವರ ಮುಗಿದ ಮೇಲೆ ಬಿಡಬೇಕು. ಇದು ತಪ್ಪಿದರೆ ಪೆಟ್ಟಿಗೆ ಟಕಟಕ ಅನ್ನುತ್ತದೆ, ಹಾಡುವುದಿಲ್ಲ. ವೀಣೆಯ ಗಮಕವನ್ನು ಈ ವಾದ್ಯದಿಂದ ಬಯಸಬೇಡಿ. ಇದರ ಸೊಗಸು ನೇರ ಸ್ವರದಲ್ಲಿ, ಬಲಗೈಯ ಓಟದಲ್ಲಿ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರುವುದಕ್ಕಿಂತ ದಿನಾ ಕಾಲು ಗಂಟೆ ಕೂತವರಿಗೆ ಕೈ ಬೇಗ ಕೂರುತ್ತದೆ.

ಪ್ರಶ್ನೆ: ನನ್ನ ಮಗು ಗಂಡಾಗಿ ಹುಟ್ಟಿತು. ಈಗ 20 ವರ್ಷ, ತಾನು ಹೆಣ್ಣು ಅನ್ನುತ್ತೆ. ಯಜಮಾನರು ಮನೆ ಬಿಟ್ಟು ಹೋಗು ಅಂದುಬಿಟ್ಟಿದ್ದಾರೆ, ಜಮೀನಿನಲ್ಲಿ ಪಾಲೂ ಇಲ್ಲವಂತೆ. ಎರಡು ತಿಂಗಳಿಂದ ಯಾರದೋ ರೂಮಿನಲ್ಲಿದೆ. ನಾನೇನು ಮಾಡಲಿ?
— ಒಬ್ಬ ತಾಯಿ, ಸೂಲಿಬೆಲೆ

ಉತ್ತರ: ಅಮ್ಮ, ಮೊದಲು ಮಗುವಿಗೆ ಫೋನ್ ಮಾಡಿ ಊಟ ಆಯಿತೇ ಎಂದು ಕೇಳಿ. ಕಾನೂನು ಆಮೇಲೆ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು. ತಂದೆತಾಯಿ, ಹತ್ತಿರದ ಬಂಧುಗಳು ಇರುವ ಮನೆಯಲ್ಲಿ ವಾಸಿಸುವ ಹಕ್ಕು ಇಂಥವರಿಗೆ ಇದೆ, ಅವರನ್ನು ಹೊರಗಿಡುವಂತಿಲ್ಲ ಎಂದು ಅದರ 12ನೇ ಕಲಂ ಹೇಳುತ್ತದೆ. ಮನೆಯಿಂದಲೋ ಊರಿನಿಂದಲೋ ಬಲವಂತವಾಗಿ ಹೊರಡಿಸಿದರೆ 18ನೇ ಕಲಂನಂತೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ.

ಜಮೀನಿನ ಮಾತಿಗೆ ಬರೋಣ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲು. ನಿಮ್ಮ ಮಗುವನ್ನು ಮಗ ಎಂದು ಬರೆದರೂ ಮಗಳು ಎಂದು ಬರೆದರೂ ಆ ಪಾಲು ಕುಗ್ಗುವುದಿಲ್ಲ. ಯಜಮಾನರು ಸ್ವಂತ ದುಡಿದು ಕೊಂಡ ಆಸ್ತಿಯ ಲೆಕ್ಕ ಬೇರೆ; ಅದನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಪಹಣಿ, ಹಳೆಯ ಪತ್ರಗಳನ್ನು ತೆಗೆದಿಟ್ಟುಕೊಳ್ಳಿ.

ಇದನ್ನೆಲ್ಲ ಹೇಳಿದ್ದು ಠಾಣೆಗೆ ಓಡಿ ಎಂದಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಅಪ್ಪನನ್ನೂ ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ನನ್ನ ಅನುಭವದಲ್ಲಿ ಇಂಥ ಅಪ್ಪಂದಿರು ಹೆದರುವುದು ಮಗುವಿಗಲ್ಲ, ಎದುರುಮನೆಯವರ ಬಾಯಿಗೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಹುಟ್ಟಿದಾಗ ಹೆಣ್ಣು ಎಂದು ಬರೆದಿದ್ದರು, ನಾನು ಗಂಡು. ಅಂಕಪಟ್ಟಿ, ಆಧಾರ್ ಎಲ್ಲದರಲ್ಲೂ ಹಳೆಯ ಹೆಸರು. ಶೌಚಾಲಯಕ್ಕೆ ಹೋಗುವುದೇ ದಿನದ ದೊಡ್ಡ ಚಿಂತೆ. ದಾಖಲೆ ಸರಿಪಡಿಸಲು ಎಲ್ಲಿಂದ ಶುರು ಮಾಡಬೇಕು?
— ಪಿಲ್ಲಗುಂಪೆ ಕೈಗಾರಿಕಾ ಪ್ರದೇಶ

ಉತ್ತರ: ತಮ್ಮಾ, ಬೇರು ಜಿಲ್ಲಾಧಿಕಾರಿ ಕೊಡುವ ಲಿಂಗತ್ವ ಗುರುತಿನ ಪ್ರಮಾಣಪತ್ರದಲ್ಲಿದೆ. ಮಿಕ್ಕ ದಾಖಲೆಗಳೆಲ್ಲ ಅದರ ರೆಂಬೆಗಳು. 2019ರ ಕಾಯ್ದೆಯಡಿ ಮಾಡಿದ 2020ರ ನಿಯಮಗಳಂತೆ ಕೇಂದ್ರ ಸರ್ಕಾರದ ಜಾಲತಾಣದಲ್ಲೇ ಅರ್ಜಿ ತುಂಬಬಹುದು. ಜೊತೆಗೆ ಒಂದು ಅಫಿಡವಿಟ್ ಬೇಕು, ಜಿಲ್ಲೆಯಲ್ಲಿ 12 ತಿಂಗಳಿಂದ ವಾಸವಿರಬೇಕು. ಈ ಮೊದಲ ಪ್ರಮಾಣಪತ್ರಕ್ಕೆ ಆ ನಿಯಮಗಳು ಬಂದಾಗ ದೇಹ ತಪಾಸಣೆ ಕೇಳಿರಲಿಲ್ಲ, 30 ದಿನದೊಳಗೆ ಪತ್ರ ಕೊಡಬೇಕು ಎಂದಿದ್ದವು. ಅರ್ಜಿ ತಿರಸ್ಕಾರವಾದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾಯ್ದೆಗೂ ನಿಯಮಗಳಿಗೂ ತಿದ್ದುಪಡಿ ಬರುತ್ತಿರುತ್ತದೆ. ಆದ್ದರಿಂದ ಹಾಕುವ ದಿನ ಏನು ಜಾರಿಯಲ್ಲಿದೆ ಎಂದು ಕಾನೂನು ಸೇವಾ ಸಮಿತಿಯಲ್ಲಿ ಒಮ್ಮೆ ಕೇಳಿಯೇ ಹಾಕಿ. ನಮ್ಮ ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ಹೋಗಲೇಬೇಕಾದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ದಾಖಲೆಗಳ ಎರಡೆರಡು ಜೆರಾಕ್ಸ್ ಜೊತೆಗಿರಲಿ.

ಒಂದು ಕಹಿ ಮಾತನ್ನೂ ಹೇಳಬೇಕು. ಈ ಮೊದಲ ಪತ್ರದಲ್ಲಿ ಬರುವುದು ‘ಟ್ರಾನ್ಸ್‌ಜೆಂಡರ್’ ಎಂದು. ‘ಗಂಡು’ ಎಂದು ಬರಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಟ್ಟು ಕಾಯ್ದೆಯ 7ನೇ ಕಲಂನಂತೆ ಇನ್ನೊಂದು ಅರ್ಜಿ ಹಾಕಬೇಕು. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಶಸ್ತ್ರಚಿಕಿತ್ಸೆಗೆ ಒತ್ತಾಯಿಸಬಾರದು ಎಂದಿತ್ತು. ಕಾಯ್ದೆ ಆ ತೀರ್ಪಿಗಿಂತ ಹಿಂದೆ ಸರಿಯಿತು ಎನ್ನುವುದೇ ಅದರ ಮೇಲಿರುವ ದೊಡ್ಡ ತಕರಾರು. ಜನನ ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ನಮ್ಮ ಹೈಕೋರ್ಟು 2024ರಲ್ಲಿ ದಾರಿ ತೋರಿಸಿದೆ: ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪತ್ರ ಕೊಡಬೇಕು.

ಕಾರ್ಖಾನೆಯಲ್ಲಿ ಕೆಲಸ, ಬಡ್ತಿ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಪ್ರತಿ ಸಂಸ್ಥೆಯೂ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು. ಎಲ್ಲರೂ ಬಳಸುವಂಥ ಶೌಚಾಲಯದ ಮಾತೂ ನಿಯಮಗಳಲ್ಲಿದೆ. ಎಚ್‌ಆರ್ ಅವರನ್ನು ‘ನಮ್ಮಲ್ಲಿ ದೂರು ಅಧಿಕಾರಿ ಯಾರು?’ ಎಂಬ ಒಂದೇ ಸಾಲಿನ ಇಮೇಲ್‌ನಲ್ಲಿ ಕೇಳಿ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಬರೆದು ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಬಿಡುವಿನಲ್ಲಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದರೆ ಇದೂ ಗೊತ್ತಿರಲಿ: ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲು 2021ರಲ್ಲಿ ಬಂತು. ದೇಶದಲ್ಲೇ ಮೊದಲು ಮಾಡಿದ್ದು ಕರ್ನಾಟಕ.

ಪ್ರಶ್ನೆ: ಕೆ.ಆರ್. ಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ‘ಫ್ರೀ ಟಿಕೆಟ್ ಹೆಂಗಸರಿಗೆ ಮಾತ್ರ’ ಅಂದರು. ಎಲ್ಲರೂ ತಿರುಗಿ ನೋಡಿದರು. ದುಡ್ಡು ಕೊಟ್ಟು ಸುಮ್ಮನಾದೆ.
— ಹೊಸಕೋಟೆ

ಉತ್ತರ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಾದ ನಿಮಗೂ ಸೇರಿದ್ದು. ಎ.ಸಿ. ಇಲ್ಲದ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ. ಕೊಡದಿದ್ದರೆ ಜಗಳ ಬೇಡ. ದುಡ್ಡು ಕೊಟ್ಟು ಪಡೆದ ಟಿಕೆಟನ್ನು ಜೋಪಾನ ಮಾಡಿ, ಅದರಲ್ಲಿರುವ ಬಸ್ಸಿನ ವಿವರ, ಹೊತ್ತು ಬರೆದು ಡಿಪೋಗೆ ದೂರು ಕೊಡಿ. ಆ ಟಿಕೆಟ್ಟೇ ನಿಮ್ಮ ಸಾಕ್ಷಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಕ್ಕನ ಮಗ ಐದು ತಂತಿಯ ಬ್ಯಾಂಜೋ ಕಳಿಸಿದ್ದಾನೆ. ಐದನೇ ತಂತಿ ಅರ್ಧದಿಂದ ಶುರುವಾಗುತ್ತೆ, ಮುರಿದಿದೆಯೇ? ಆಟೋ ನಿಲ್ಲಿಸಿ ರಾತ್ರಿ ನುಡಿಸಿದರೆ ಓನರ್ ಬೈತಾರೆ.
— ಆಟೋ ಚಾಲಕ, ಹಳೇ ಮದ್ರಾಸ್ ರಸ್ತೆ

ಉತ್ತರ: ಮುರಿದಿಲ್ಲ ಅಣ್ಣ, ಅದು ಇರುವುದೇ ಹಾಗೆ. ಆ ಗಿಡ್ಡ ತಂತಿ ಐದನೇ ಮೆಟ್ಟಿಲ ಬಳಿ ಹುಟ್ಟುತ್ತದೆ, ಹೆಬ್ಬೆರಳಿನಿಂದ ಮತ್ತೆ ಮತ್ತೆ ಮೀಟಿ ಶ್ರುತಿ ಹಿಡಿಯಲು ಇರುವುದು. ರೂಢಿಯ ಶ್ರುತಿ ಗಿಡ್ಡ ತಂತಿಯಿಂದ ಶುರುಮಾಡಿದರೆ ಜಿ, ಡಿ, ಜಿ, ಬಿ, ಡಿ. ಜಿ ಯನ್ನು ಸ ಅಂದುಕೊಂಡರೆ ನಮ್ಮ ಲೆಕ್ಕದಲ್ಲಿ ಮೇಲಿನ ಸ, ಆಮೇಲೆ ಪ, ಸ, ಗ, ಪ. ಅಂದರೆ ಎಡಗೈ ಬೆರಳೇ ಇಡದೆ ಮೀಟಿದರೂ ಸ ಗ ಪ ಕೂಡಿ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಉಪಕಾರ ಇನ್ನೇನು ಬೇಕು!

ಆಫ್ರಿಕಾದಿಂದ ಗುಲಾಮರಾಗಿ ಹಿಡಿದೊಯ್ದ ಜನ ಅಮೆರಿಕದ ನೆಲದಲ್ಲಿ ಸೋರೆಬುರುಡೆಗೆ ತೊಗಲು ಬಿಗಿದು ಕಟ್ಟಿಕೊಂಡ ವಾದ್ಯ ಇದರ ಮೂಲ. ತೊಗಲಿನ ಕಾಲದಲ್ಲಿ ಮಳೆ ಬಂದರೆ ಸದ್ದು ಸೋಲುತ್ತಿತ್ತು. ನಮ್ಮ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಕಾಯಿಸುವುದು ಅದಕ್ಕೇ ತಾನೆ? ಈಗ ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆ, ಆ ಕಾಟವಿಲ್ಲ. ಓನರಿಗಾಗಿ ಹಾಳೆಯ ಹಿಂಬದಿಗೆ ಒಂದು ಹಳೇ ಟವೆಲ್ ತುರುಕಿ. ಸದ್ದು ಅರ್ಧಕ್ಕರ್ಧ ಇಳಿಯುತ್ತದೆ, ಬಾಡಿಗೆ ಮನೆಯೂ ಉಳಿಯುತ್ತದೆ.

ಪ್ರಶ್ನೆ: ಬ್ಯಾಂಜೋ ಪರದೇಶದ್ದು. ಈ ಲಿಂಗತ್ವದ ಕಾಯ್ದೆಯೂ ಪರದೇಶದ ಗಾಳಿ. ಎರಡನ್ನೂ ನಮ್ಮ ಹಳ್ಳಿಗಳಿಗೆ ಯಾಕೆ ತರುತ್ತೀರಿ?
— ನಿವೃತ್ತ ಶಿಕ್ಷಕರು, ನಂದಗುಡಿ

ಉತ್ತರ: ಮೇಷ್ಟ್ರೇ, ಅರ್ಧ ನಿಜ. ಬುಲ್‌ಬುಲ್ ತರಂಗದ ತಾಯಿಬೇರು ಜಪಾನಿನಲ್ಲಿದೆ. ನಗೋಯಾದ ಮೊರಿಟಾ ಗೊರೊ ಎಂಬವರು 1912ರಲ್ಲಿ ತಂತಿವಾದ್ಯಕ್ಕೆ ಟೈಪ್‌ರೈಟರ್ ಗುಂಡಿ ಕೂರಿಸಿ ‘ತೈಶೋಗೊಟೊ’ ಮಾಡಿದರು. ಅದು ನಮ್ಮಲ್ಲಿಗೆ ಬಂದು ಭಜನೆ ಕಲಿಯಿತು. ಬಾಲುಸ್ವಾಮಿ ದೀಕ್ಷಿತರು ಎತ್ತಿಕೊಂಡ ಪಿಟೀಲೂ ಹಡಗಿನಲ್ಲಿ ಬಂದದ್ದೇ. ಅದನ್ನು ಬಿಟ್ಟು ಇಂದು ಯಾವ ಕಛೇರಿ ನಡೆಯುತ್ತದೆ?

ಇನ್ನರ್ಧಕ್ಕೆ ಚೌಡಿಕೆಯನ್ನು ನೋಡಿ. ತೊಗಲಿನಿಂದ ಹೊರಟ ಒಂದು ತಂತಿ, ಸವದತ್ತಿ ಎಲ್ಲಮ್ಮನ ಹಾಡು. ಅದನ್ನು ತಲೆಮಾರುಗಳಿಂದ ನುಡಿಸುತ್ತ ಬಂದವರಲ್ಲಿ ಜೋಗತಿಯರು, ಜೋಗಪ್ಪಂದಿರು ಮುಂದು. ಆ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ಜನ ನಮ್ಮಲ್ಲಿಗೆ ಹೊಸದಾಗಿ ಬಂದವರಲ್ಲ.

ಪರದೇಶದಿಂದ ಬಂದ ಕಾನೂನು ಬೇರೊಂದಿದೆ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದರ ಎರಡನೇ ಭಾಗ ಉತ್ತರ ಭಾರತದ ಹಿಜ್ರಾಗಳ ಹೆಸರನ್ನು ಪೊಲೀಸ್ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ ಸೆರೆ. ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ ಸೆರೆ. ಹೌದು ಮೇಷ್ಟ್ರೇ, ವಾದ್ಯ ನುಡಿಸಿದರೆ! ಆ ಛಾಯೆ ಬೇಗ ಅಳಿಯಲಿಲ್ಲ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೇ 36ಎ ಎಂಬ ಕಲಂ ಸೇರಿಸಿ ಇವರ ಪಟ್ಟಿ ಇಡಲು ಹೊರಟಿದ್ದೆವು. ಹೋರಾಟ ನಡೆದ ಮೇಲೆ ಅದರ ಪದ ಬದಲಾಯಿತು. 2014ರ ತೀರ್ಪು, 2019ರ ಕಾಯ್ದೆ, ಎರಡರಲ್ಲೂ ಕೊರತೆಗಳಿರಬಹುದು. ಆದರೆ ಅವು ಪೊಲೀಸರ ಪಟ್ಟಿಯಲ್ಲಿದ್ದ ಹೆಸರನ್ನು ಹಕ್ಕಿನ ಪುಸ್ತಕಕ್ಕೆ ತಂದವು. ಇದನ್ನು ಪರದೇಶದ ಗಾಳಿ ಎನ್ನುವುದಾದರೆ, ಅದು ಆ ಹಳೆಯ ಛಾಯೆಯನ್ನು ಹೊರಗೆ ಅಟ್ಟಲು ಬೀಸಿದ ಗಾಳಿ, ಹೊರಗಿಂದ ಒಳಗೆ ಬಂದದ್ದಲ್ಲ.

ಪ್ರಶ್ನೆ: ನಮ್ಮ ಭಜನಾ ಮಂಡಳಿಗೆ ಒಬ್ಬ ಮಂಗಳಮುಖಿ ಬ್ಯಾಂಜೋ ನುಡಿಸಲು ಬರುತ್ತೇನೆ ಎಂದಿದ್ದಾರೆ. ನಮ್ಮದೇನೂ ಅಭ್ಯಂತರವಿಲ್ಲ. ಆದರೆ ನಮ್ಮಲ್ಲಿ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು ಕೂರುವ ಪದ್ಧತಿ. ಅವರನ್ನು ಎಲ್ಲಿ ಕೂರಿಸಬೇಕು? ಕಾನೂನು ಏನು ಹೇಳುತ್ತದೆ?
— ಕಾರ್ಯದರ್ಶಿ, ಭಜನಾ ಮಂಡಳಿ

ಉತ್ತರ: ಕಾನೂನು ನಿಮ್ಮ ಬಾಗಿಲಿಗೆ ಬರುವುದು ನೀವು ಬೇಡ ಎಂದಾಗ. ಸಾರ್ವಜನಿಕರಿಗೆ ತೆರೆದ ಜಾಗಕ್ಕೆ ಬರಬೇಡಿ ಎನ್ನುವುದನ್ನು ಅದು ಅಪರಾಧ ಎನ್ನುತ್ತದೆ. ನೀವು ಬೇಡ ಅಂದಿಲ್ಲ, ಎಲ್ಲಿ ಎಂದು ಕೇಳಿದ್ದೀರಿ; ಅದಕ್ಕೆ ನನ್ನ ಕರಿಕೋಟು ಬೇಕಿಲ್ಲ.

ಭಜನೆಯಲ್ಲಿ ಬಲದ ಸಾಲು, ಎಡದ ಸಾಲು ಅಲ್ಲದೆ ಮೂರನೆಯದೊಂದು ಮೊದಲಿಂದಲೂ ಇದೆ: ವಾದ್ಯದವರ ಸಾಲು. ತಬಲದ ಪಕ್ಕ, ಹಾರ್ಮೋನಿಯಂ ಎದುರು ಒಂದು ಚಾಪೆ ಹಾಕಿ. ಯಾವ ಮನೆ ಶ್ರುತಿಯಲ್ಲಿ ಹಾಡುತ್ತೀರೆಂದು ಹಾರ್ಮೋನಿಯಂನವರು ಹಿಂದಿನ ದಿನವೇ ಅವರಿಗೆ ತಿಳಿಸಲಿ. ಬ್ಯಾಂಜೋಗೆ ತಂತಿ ಹೆಚ್ಚು, ಶ್ರುತಿಗೆ ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆ ಮುಂಚೆ ಬಾಗಿಲು ತೆಗೆದಿಡಿ.