ಪಾತ್ರೆಯ ಸುಣ್ಣ, ನೀರಿನ ಗುಣ

ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ, ನೀರು ಕಾಯಿಸುವ ಪಾತ್ರೆಯ ಒಳಮೈಗೆ ಬೆಳ್ಳನೆಯ ಪದರ ಕಟ್ಟುವುದು ನಿತ್ಯದ ನೋಟವಾಗಿದೆ. ಹೊನ್ನಾಳಿ, ನ್ಯಾಮತಿಗಳ ಸೀಮೆಗೆ ತುಂಗಭದ್ರೆಯೂ ಚನ್ನಗಿರಿಯ ಸೀಮೆಗೆ ಸೂಳೆಕೆರೆಯೆಂಬ ಶಾಂತಿಸಾಗರವೂ ಆಸರೆಯಾಗಿವೆ. ಮಳೆ ವಿರಳವಾದ ಜಗಳೂರು ತಾಲ್ಲೂಕಾದರೋ ಬಹುಕಾಲ ಅಂತರ್ಜಲವನ್ನೇ ನೆಚ್ಚಿ ಬಂದಿದೆ. ನೆಲದಾಳದ ನೀರು ಶಿಲೆಗಳ ಬಿರುಕುಗಳಲ್ಲಿ ನಿಂತು ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ನೀರನ್ನೇ ಗಡಸು ನೀರೆನ್ನುವರು.

ನೀರು ಕುದಿಯುವಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಇಂಗಾಲದ ಡೈಆಕ್ಸೈಡು ಹೊರಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಪಾತ್ರೆಗೆ ಅಂಟಿಕೊಳ್ಳುತ್ತದೆ. ಈ ಪದರ ಶಾಖವನ್ನು ಸುಲಭವಾಗಿ ಸಾಗಗೊಡದು. ಆದ್ದರಿಂದ ಸೌದೆ, ಅನಿಲ, ವಿದ್ಯುತ್ತು ಎಲ್ಲವೂ ವ್ಯರ್ಥವಾಗುತ್ತವೆ.

ಸುಣ್ಣವನ್ನು ಕರಗಿಸುವುದು ಹುಳಿ. ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಸ್ಟೀಲಿನ ಪಾತ್ರೆಯಲ್ಲಿ ಬಿಸಿಮಾಡಿ ಒಂದು ಗಂಟೆ ಬಿಟ್ಟರೆ ಪದರ ಗುಳ್ಳೆಯೆದ್ದು ಸಡಿಲವಾಗುತ್ತದೆ. ನಿಂಬೆರಸವೂ ತೆಳುವಾದ ಪದರಕ್ಕೆ ಸಾಕು. ಹುಣಿಸೆಹಣ್ಣು ತಾಮ್ರ, ಹಿತ್ತಾಳೆಗಳ ಕಿಲುಬಿಗೆ ಉತ್ತಮವಾದರೂ ಅದರಲ್ಲಿನ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಕೂಡಿ ಸುಲಭವಾಗಿ ಕರಗದ ಮತ್ತೊಂದು ಲವಣವಾಗುವುದರಿಂದ ದಪ್ಪ ಪದರಕ್ಕೆ ಅದು ಅಷ್ಟು ಉಪಯುಕ್ತವಲ್ಲ. ಅಡಿಗೆ ಸೋಡವನ್ನು ಹುಳಿಯೊಡನೆ ಬೆರೆಸಿದರೆ ಎರಡರ ಶಕ್ತಿಯೂ ಕುಂದುತ್ತದೆ.

ಕೆಲವು ಎಚ್ಚರಿಕೆಗಳು ಅವಶ್ಯಕ. ಹುಳಿ ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುವುದರಿಂದ ಅದರಲ್ಲಿ ಹೆಚ್ಚು ಹೊತ್ತು ಇಡಬಾರದು. ವಿದ್ಯುತ್ ಕೆಟಲ್ಲನ್ನು ನೀರಿನಲ್ಲಿ ಮುಳುಗಿಸಬಾರದು. ತೊಳೆಯುವ ಮುನ್ನ ಪ್ಲಗ್ಗನ್ನು ತೆಗೆದಿರಬೇಕು. ಹುಳಿಯೊಡನೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಸೇರಿಸಕೂಡದು. ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕೊನೆಗೆ ಪಾತ್ರೆಯನ್ನು ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆಯಬೇಕು.

ಆದರೆ ಪಾತ್ರೆ ಬೆಳಗಿದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸಲಾಗದು. ಜಗಳೂರು ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆಯೂ ಉಂಟು. ಅದು ಬಣ್ಣವಿಲ್ಲದ್ದು, ಪಾತ್ರೆಯಲ್ಲಿ ಗುರುತು ಬಿಡದ್ದು. ಕುದಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕದಂತೆ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಲೇಸು; ಬೇರೆ ಆಕರವಿಲ್ಲದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಬೆಳೆಯುವ ಮಕ್ಕಳು ಇದಕ್ಕಿಂತ ಹೆಚ್ಚಿನ ಫ್ಲೋರೈಡಿನ ನೀರನ್ನು ಬಹುಕಾಲ ಕುಡಿದರೆ ಹಲ್ಲುಗಳಲ್ಲಿ ಕಲೆ ಮೂಡಬಹುದು; ಪ್ರಮಾಣ ಮಿತಿಮೀರಿದಲ್ಲಿ ವರ್ಷಗಳ ತರುವಾಯ ಮೂಳೆಗಳೂ ಬಾಧೆಗೊಳ್ಳಬಹುದು.

ಆದಕಾರಣ ನೂರಾರು ಮಕ್ಕಳಿಗೆ ಅನ್ನ ನೀರು ನೀಡುವ ವಿದ್ಯಾರ್ಥಿನಿಲಯಗಳಲ್ಲಿ ಪಾತ್ರೆಗಳ ಶುಚಿಯ ಜೊತೆಗೆ ನೀರಿನ ಪರೀಕ್ಷೆಯೂ ಕಾಲಕಾಲಕ್ಕೆ ನಡೆಯಬೇಕು. ಮಳೆನೀರಿನ ಸಂಗ್ರಹಕ್ಕೆ ಏರ್ಪಾಡಾಗಬೇಕು. ಪಾತ್ರೆಯ ಸುಣ್ಣವನ್ನು ಕೈಗಳು ತೊಳೆಯಬಲ್ಲವು. ಕಣ್ಣಿಗೆ ಕಾಣದ ದೋಷವನ್ನು ಅರಿಯಲು ವಿಜ್ಞಾನದ ತಿಳಿವೇ ಬೇಕು.